ಮಹಡಿಗೊಂದು ಪದ

ಆಸ್ಪತ್ರೆಯ ಲಿಫ್ಟ್ ನಡೆಸುವ ಅವನನ್ನು ನರ್ಸುಗಳೆಲ್ಲ ಕರೆಯುವುದು ಲಿಫ್ಟ್ ಮಾವ ಎಂದೇ. ಗಡಿಯಾಚೆಯಿಂದ ಬರುವ ರೋಗಿಗಳೊಂದಿಗೆ ಮಾತಾಡುವ ಆಸೆಯಿಂದ, ಐವತ್ತೆಂಟನೆಯ ವಯಸ್ಸಿನಲ್ಲಿ ಅವರ ಭಾಷೆ ಕಲಿಯಲು ಹೊರಟಿದ್ದಾನೆ. ಲಿಫ್ಟಿನೊಳಗೆ ನೆಟ್‌ವರ್ಕ್ ಸಿಗುವುದಿಲ್ಲವಾದ್ದರಿಂದ ಬೆಳಿಗ್ಗೆ ಮನೆಯಲ್ಲೇ ಆ ಭಾಷೆಯ ಪದಗಳ ಫ್ಲ್ಯಾಶ್‌ಕಾರ್ಡ್‌ಗಳನ್ನು ಮೊಬೈಲಿಗೆ ಇಳಿಸಿಕೊಂಡು ಬಂದು, ಮಹಡಿಗೊಂದರಂತೆ ತಿರುವುತ್ತಾನೆ. "ತಲೆಗೇನೋ ಹತ್ತುತ್ತೆ ಸಿಸ್ಟರ್, ಆದರೆ ಮುಂದಿನ ಮಹಡೀಲೇ ಇಳಿದುಬಿಡುತ್ತೆ" ಎಂದು ತನ್ನನ್ನು ತಾನೇ ಆಡಿಕೊಂಡು ನಗುತ್ತಾನೆ. ಉತ್ತರ ತಪ್ಪಾಗಿ ಪರದೆ ಕೆಂಪಗಾದರೆ ಮೊಬೈಲಿಗೇ "ಕ್ಷಮಿಸಿ ಸಾರ್" ಎನ್ನುತ್ತಾನೆ. ಸರಿಯಾದರೆ, ಒಳಗೆ ಯಾರಿದ್ದಾರೆಂದೂ ನೋಡದೆ ಭೇಷ್ ಎಂದು ತೊಡೆ ತಟ್ಟಿಕೊಳ್ಳುತ್ತಾನೆ. ಮೊನ್ನೆ ಆ ಕಡೆಯ ಅಜ್ಜಿಯೊಬ್ಬಳು ಗಂಡನನ್ನು ಆಪರೇಷನ್ನಿಗೆ ಒಳಗೆ ಕಳಿಸಿ ಬಂದು, ಲಿಫ್ಟಿನ ಮೂಲೆಯಲ್ಲಿ ನಿಂತು ಅಳತೊಡಗಿದಳು. ಹೆದರಬೇಡಿ ಎನ್ನಲು ಅವನಿಗೆ ಅವಳ ಭಾಷೆಯ ಮಾತೇ ಬಾಯಿಗೆ ಬರಲಿಲ್ಲ. ಸುಮ್ಮನಿರಲೂ ಆಗದೆ, ಕಾರ್ಡುಗಳಿಂದ ಕಲಿತು ಬಂದಷ್ಟನ್ನೇ ಅವಳ ಭಾಷೆಯಲ್ಲಿ ಹೇಳಿದ: "ಆನೆ. ಕೊಡೆ. ನನ್ನ ಚಿಕ್ಕಪ್ಪ ದರ್ಜಿ." ಅಜ್ಜಿ ಕಣ್ಣೊರೆಸಿಕೊಂಡಳು, ಫಕ್ಕನೆ ನಕ್ಕಳು. ಆಮೇಲೆ ತನ್ನ ಮಹಡಿ ಬಂದರೂ ಇಳಿಯಲಿಲ್ಲ. ಚಿಕ್ಕಪ್ಪ ಎಂಬ ಪದದ ಉಚ್ಚಾರಣೆ ಸರಿಹೋಗುವವರೆಗೆ ಮೂರು ಸಲ ಮೇಲೆ ಕೆಳಗೆ ಓಡಾಡಿ, ಗದರಿಸಿ ಗದರಿಸಿ ತಿದ್ದಿದಳು.