ಹೆಂಗಸರಿಲ್ಲದ ವಂಶವೃಕ್ಷ

ವರ್ಷಕ್ಕೊಮ್ಮೆಯ ಸ್ಕ್ಯಾನಿಗೆ ಹೊರಡಬೇಕಿತ್ತು. ಹಳೆಯ ಫೈಲಿಗೆಂದು ಕಪಾಟು ತೆಗೆದರೆ, ನುಸಿಗುಳಿಗೆಯ ವಾಸನೆಯ ಜೊತೆ ದೊಡ್ಡಪ್ಪನ ವಂಶವೃಕ್ಷ ಉರುಳಿ ನನ್ನ ಕಾಲಿಗೆ ಬಿತ್ತು. ಅದು ನಮ್ಮ ಮನೆಯ ಹೆಂಗಸೊಬ್ಬಳ ಕಾಲಿಗೆ ಬಿದ್ದದ್ದು ಇದೇ ಮೊದಲು.

ನೀವು ದೊಡ್ಡಪ್ಪನನ್ನು ನೋಡಬೇಕಿತ್ತು. ಮುಂಬಯಿಯ ಚೆಂಬೂರಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕೂತು, ಮೈಸೂರು ಕಡೆಯ ಏಳು ತಲೆಮಾರನ್ನು ಬಟ್ಟೆ ಅಂಟಿಸಿದ ಕಾಗದಕ್ಕೆ ಇಳಿಸಿದವರು. ಕಾಫಿಗೆ ಬಂದವರಿಗೆ ಅದನ್ನು ಬಿಡಿಸಿ ತೋರಿಸದೆ ಲೋಟ ಕೊಡುತ್ತಿರಲಿಲ್ಲ. "ನಮ್ಮ ವಂಶದಲ್ಲಿ ಬೀಡಿ ಮುಟ್ಟಿದವರಿಲ್ಲ" ಎಂದು ಮುಗಿಸುತ್ತಿದ್ದರು.

ಅಂಥ ವಂಶದ ಶಾರದತ್ತೆಗೆ, ದೊಡ್ಡಪ್ಪನ ತಂಗಿಗೆ, ಶ್ವಾಸಕೋಶದ ಕ್ಯಾನ್ಸರ್ ಬಂತು. ನೆಂಟರು ಕಿತ್ತಳೆ ಹಣ್ಣಿನ ಜೊತೆ ಒಂದೊಂದು ಕಾರಣವನ್ನೂ ತಂದರು: ಊದುಬತ್ತಿ, ಕಾರ್ಖಾನೆ ಹೊಗೆ, ಪಕ್ಕದ ಬಿಲ್ಡಿಂಗಿನವರ ಸಿಗರೇಟು. ಒಬ್ಬಾಕೆ ನನ್ನನ್ನು ಬಾಲ್ಕನಿಗೆ ಕರೆದು, "ನಿಜ ಹೇಳೇ, ನಿಮ್ಮತ್ತೆ ಕದ್ದು ಸೇದ್ತಿದ್ರಾ?" ಎಂದರು. ನನಗೆ ಮೈಯೆಲ್ಲ ಉರಿಯಿತು. ಹೌದು, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು ಸೇದುತ್ತಿದ್ದರು ಎಂದೆ. ಆಕೆ ನಂಬಿಬಿಟ್ಟರು.

ಆಸ್ಪತ್ರೆಯ ಮರಾಠಿ ಡಾಕ್ಟರಮ್ಮ, ಇದು ವಂಶದಲ್ಲಿ ಇಳಿದು ಬಂದ ಜೀನಿನ ದೋಷವಿರಬಹುದು, ಮನೆತನದಲ್ಲಿ ಯಾರಿಗೆ ಏನಾಗಿತ್ತು ತಿಳಿಸಿ ಎಂದಳು. ದೊಡ್ಡಪ್ಪ ಇದೇ ದಿನಕ್ಕಾಗಿ ಕಾದಿದ್ದವರಂತೆ ಟ್ಯಾಕ್ಸಿ ಮಾಡಿ ವಂಶವೃಕ್ಷ ತಂದು ಅತ್ತೆಯ ಹಾಸಿಗೆಯ ಮೇಲೆ ಹರಡಿದರು. ಆಕೆ ಮೇಲಿಂದ ಕೆಳಗೆ ನೋಡಿ, "ಅಂಕಲ್, ಇಸ್ ಮೇ ಲೇಡೀಸ್ ಕಹಾಂ ಹೈ?" ಎಂದಳು.

ಮದುವೆಯಾದ ಮೇಲೆ ಹೆಂಗಸರ ಗೋತ್ರ ಬೇರೆ, ಅದಕ್ಕೇ ಇದರಲ್ಲಿಲ್ಲ ಎಂದು ದೊಡ್ಡಪ್ಪ ತಮ್ಮ ಹರಕು ಹಿಂದಿಯಲ್ಲಿ ವಿವರಿಸಿದರು. ಅತ್ತೆ ದಿಂಬಿನಿಂದ ತಲೆ ಎತ್ತಿದರು.

"ಗೋತ್ರ ಬಿಟ್ಟುಹೋದೆ ಕಣೋ ಅಣ್ಣ. ಶ್ವಾಸಕೋಶ ಮಾತ್ರ ಇಲ್ಲಿಂದ್ಲೇ ತಗೊಂಡ್ಹೋದೆ."

ಆಮೇಲೆ ಉಸಿರು ಸಿಕ್ಕಷ್ಟು ಹೊತ್ತು ಹೆಸರು ಹೇಳಿದರು. ಕೆಮ್ಮಿ ಕೆಮ್ಮಿ ಹೋದ ಸೋದರತ್ತೆ ಪುಟ್ಟಮ್ಮ, ಕ್ಷಯವೆಂದು ಹಿತ್ತಲ ಕೋಣೆಗೆ ಹಾಕಿದ್ದ ಆಕೆಯ ತಂಗಿ ಸುಬ್ಬಮ್ಮ. ಗಂಡಸರ ನಡುವೆ ಖಾಲಿಯಿದ್ದ ಜಾಗದಲ್ಲಿ ನಾನು ಪೆನ್ಸಿಲಿನಲ್ಲಿ ಬರೆದುಕೊಂಡೆ. "ಕಾಗದ ಹಾಳಾಗುತ್ತೆ" ಎಂದು ದೊಡ್ಡಪ್ಪ ಒಮ್ಮೆ ಗೊಣಗಿದರು. ಈ ದೋಷವನ್ನು ಗಂಡಸರೂ ದಾಟಿಸುತ್ತಾರೆಂದು ಡಾಕ್ಟರಮ್ಮ ಹೇಳಿದ ಮೇಲೆ ಕಾಗದದ ತುದಿಯನ್ನು ತಾವೇ ಹಿಡಿದುಕೊಟ್ಟರು.

ಅತ್ತೆ ಉಳಿಯಲಿಲ್ಲ. ನನ್ನ ರಕ್ತದಲ್ಲೂ ಅದೇ ದೋಷ ಸಿಕ್ಕಿತು, ಅಪ್ಪನಿಂದ ಬಂದದ್ದು. ಅದಕ್ಕೇ ಈ ಸ್ಕ್ಯಾನು.

ದೊಡ್ಡಪ್ಪ ಕೊನೆಗಾಲದಲ್ಲಿ ಕೊಟ್ಟ ಸುರುಳಿಯನ್ನು ನಾನು ಬಿಚ್ಚಿಯೇ ಇರಲಿಲ್ಲ. ಇವತ್ತು ಬಿಚ್ಚಿದೆ. ನನ್ನ ಪೆನ್ಸಿಲ್ ಅಕ್ಷರಗಳ ಮೇಲೆ ಅವರ ನಡುಗುವ ಕೈಯ ಶಾಯಿ. ಪುಟ್ಟಮ್ಮ, ಸುಬ್ಬಮ್ಮ, ಶಾರದ. ಅಪ್ಪನ ಕೆಳಗೆ ನಾನು. ಏಳು ತಲೆಮಾರಿನ ಮೇಲೆ ಹೆಣ್ಣುಮಕ್ಕಳಿಗೆ ಜಾಗ ಸಿಗಲು ಕಾಯಿಲೆಯೇ ಶಿಫಾರಸು ಮಾಡಬೇಕಾಯಿತು. ಆದರೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಪೆನ್ನು ತಂದು ನನ್ನ ಹೆಸರಿನ ಕೆಳಗೆ ಮಗಳ ಹೆಸರು ಬರೆದೆ. ಅವಳ ರಕ್ತಪರೀಕ್ಷೆ ಇನ್ನೂ ಆಗಿಲ್ಲ. ಆಗುವ ಮೊದಲೇ ಬರೆದೆ.