ಕುದುರೆಯ ಎಡಗೆನ್ನೆ

ನಿನ್ನೆ ಮಧ್ಯಾಹ್ನ ಮೇಜಿನ ಮುಂದೆ ಕೂತು ಒಂದು ಪುಟ್ಟ ಶೀಶೆಯ ಮುಚ್ಚಳ ತೆಗೆದೆ. ಅಡುಗೆಮನೆಯಿಂದ ಹೆಂಡತಿ, "ಏನ್ರೀ ಅದು ಹುಳಿ ವಾಸ್ನೆ, ಉಪ್ಪಿನ್‌ಕಾಯಿ ಕೆಟ್ಟೋಯ್ತಾ?" ಎಂದು ಕೂಗಿದಳು. ಈ ಪ್ರಶ್ನೆಯನ್ನು ಅವಳು ಹನ್ನೆರಡು ವರ್ಷದಿಂದ ಕೇಳುತ್ತಿದ್ದಾಳೆ. ಉತ್ತರ ಗೊತ್ತಿದ್ದೇ ಕೇಳುತ್ತಾಳೆ. ಅದು ಉಪ್ಪಿನಕಾಯಿಯಲ್ಲ, ಮಾದರಿ ವಿಮಾನದ ಮೈಗೆ ಡೀಕಲ್ ಅಂಟಿಸುವ ಮುಂಚೆ ಸವರುವ ದ್ರಾವಣ. ವಯಸ್ಸು ಐವತ್ತು ದಾಟಿದ ಗಂಡಸು ರಜೆಯ ದಿನ ಪ್ಲಾಸ್ಟಿಕ್ ವಿಮಾನ ಜೋಡಿಸುತ್ತಾ ಕೂರುವುದನ್ನು ಅವಳು ಸಹಿಸಿಕೊಂಡಿರುವುದೇ ದೊಡ್ಡದು, ವಾಸನೆಯನ್ನೂ ಸಹಿಸು ಎನ್ನುವ ಧೈರ್ಯ ನನಗಿಲ್ಲ. ಆದರೆ ಆ ಹುಳಿ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ನಮ್ಮ ಭಾವ ನೆನಪಾಗುತ್ತಾರೆ.

ಭಾವನ ವಿಷಯಕ್ಕೆ ಬರುವ ಮುಂಚೆ ಡೀಕಲ್ ಎಂದರೇನೆಂದು ಹೇಳಿಬಿಡುತ್ತೇನೆ. ಚಿಕ್ಕವರಿದ್ದಾಗ ಬಬಲ್ ಗಮ್ ಜೊತೆ ಬರುತ್ತಿದ್ದ ಚಿತ್ರವನ್ನು ಮುಂಗೈ ಮೇಲೆ ನೀರಲ್ಲಿ ಒತ್ತಿ ಅಂಟಿಸಿಕೊಂಡು ಮೆರೆದವರಿಗೆ ಅರ್ಧ ಗೊತ್ತಿದ್ದಂತೆಯೇ. ಗೋಂದು ಸವರಿದ ಕಾಗದದ ಮೇಲೆ ಅಚ್ಚು ಹಾಕಿದ ಚಿತ್ರ ಅದು. ಅರ್ಧ ನಿಮಿಷ ನೀರಲ್ಲಿ ನೆನೆಸಿದರೆ ಕಾಗದ ಬಿಟ್ಟು ಜಾರುತ್ತದೆ, ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗಿರುತ್ತದೆ. ವಿಮಾನದ ಬಾಲದ ಅಂಕಿ, ರೆಕ್ಕೆಯ ಗುರುತು, ಮೂತಿಯ ಲಾಂಛನ ಎಲ್ಲವೂ ಹೀಗೇ ಬರುವುದು. ಡಬ್ಬಿಯ ಜೊತೆಗೇ ಒಂದು ಹಾಳೆ ಕೊಟ್ಟಿರುತ್ತಾರೆ, ಆದರೆ ಅದರಲ್ಲಿ ಯಾವುದೋ ದೇಶದ ಗುರುತುಗಳಿರುತ್ತವೆ. ನಮ್ಮದಿದ್ದರೂ ಕೇಸರಿ ಹೋಗಿ ಟೊಮೆಟೊ ಬಣ್ಣವಾಗಿರುತ್ತದೆ. ಬೈಕಿಗೆ ಕಂಪನಿ ಕೊಟ್ಟ ಸೀಟ್ ಕವರ್ ಹಿಡಿಸದೆ ಅಂಗಡಿಯಲ್ಲಿ ಬೇರೆ ಹಾಕಿಸುತ್ತೇವಲ್ಲ, ಹಾಗೆ ನಮ್ಮಂಥ ಹುಚ್ಚರಿಗಾಗಿಯೇ ಬೇರೆ ಡೀಕಲ್ ಹಾಳೆ ಮಾಡಿ ಮಾರುವವರು ಪ್ರಪಂಚದಲ್ಲಿದ್ದಾರೆ. ಹಳೇ ಫೋಟೋಗಳನ್ನು ಹುಡುಕಿ, ಒಂದು ವಿಮಾನದ ಮೇಲೆ ಒಂದು ದಿನ ಏನೇನಿತ್ತೋ ಅಷ್ಟನ್ನೂ ಅಚ್ಚು ಹಾಕುತ್ತಾರೆ. ಅವರ ನಿಷ್ಠೆ ನೋಡಿದರೆ ನಮ್ಮ ಹುಚ್ಚು ಏನೇನೂ ಅಲ್ಲ ಅನ್ನಿಸುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ವಾಯುಪಡೆಯಲ್ಲಿ ಪೇಂಟರ್ ಆಗಿದ್ದವರು. ನಿವೃತ್ತರಾಗಿ ಡೆಂಕಣಿಕೋಟೆ ಪಕ್ಕದ ತಮ್ಮ ಹಳ್ಳಿಗೆ ಬಂದು ರಾಗಿ, ಟೊಮೆಟೊ ಬೆಳೆಯತೊಡಗಿದರು. ಅವರಿಗೆ ಕತೆ ಹೇಳುವ ಚಟ. ಆನೆ ಬಂದು ಹೊಲ ಮೇಯ್ದರೆ ಎಲ್ಲರೂ ತಲೆ ಮೇಲೆ ಕೈಹೊತ್ತು ಕೂರುತ್ತಾರೆ, ಇವರು ಮಾತ್ರ ಆನೆ ತಮ್ಮನ್ನು ನೋಡಿ ಹೇಗೆ ನಾಚಿಕೊಂಡಿತು ಎಂದು ಮೂರು ದಿನ ಹೇಳುತ್ತಾರೆ. ಹೀಗಾಗಿ ಬಾಗಲೂರಿನ ನಮ್ಮ ಕಡೆಯವರು ಅವರ ಮಾತಿಗೆ ರೂಪಾಯಿಗೆ ನಾಲ್ಕಾಣೆ ಬೆಲೆಯನ್ನೂ ಕೊಡುತ್ತಿರಲಿಲ್ಲ. ಅದರಲ್ಲೂ ನಮ್ಮ ದೊಡ್ಡಪ್ಪ, "ಅಳಿಯಂದ್ರು ಅಲ್ಲಿ ಪೇಂಟ್ ಹೊಡೀತಿದ್ದಿದ್ದು ಹೂಕುಂಡಕ್ಕೆ ಕಣ್ರಲಾ" ಎಂದು ಹಿಂದಿನಿಂದ ನಗಾಡುತ್ತಿದ್ದರು. ಅಕ್ಕನಿಗೆ ಕೇಳಿಸುತ್ತಿತ್ತು. ತವರುಮನೆಯಲ್ಲಿ ಗಂಡನ ಮರ್ಯಾದೆ ಹೋಗುವುದನ್ನು ನೋಡಿಕೊಂಡು ಅವಳು ಬಾಯಿ ಬಿಡದೆ ಎಲೆ ಹಾಸುತ್ತಿದ್ದಳು.

ಭಾವನ ಕತೆಗಳಲ್ಲೆಲ್ಲ ದೊಡ್ಡದು ಬಿಳಿ ಕುದುರೆಯದು. ಒಂದು ಜೆಟ್ ವಿಮಾನದ ಮೂತಿಯ ಎರಡೂ ಪಕ್ಕ ಬಿಳಿ ಕುದುರೆಯ ಮುಖ ಬರೆಯುವ ಕೆಲಸ ಅವರ ಪಾಲಿಗೆ ಬಂತಂತೆ. ಬರೆದರಂತೆ. ಎಷ್ಟು ಲಕ್ಷಣವಾಗಿ ಬಂತೆಂದರೆ ವಾಯುಪಡೆಯ ಬೇಸಿನಲ್ಲಿ ಇದ್ದಬದ್ದವರೆಲ್ಲ ಬಂದು ನೋಡಿ ಬಾಯಿ ಚಪ್ಪರಿಸಿದರಂತೆ. ಅದೇ ವಾರ ಆ ವಿಮಾನದ ಟೈರು ಎರಡು ಸಲ ಸಿಡಿಯಿತು. ಭಾವನಿಗೆ ಕಾರಣ ಗೊತ್ತಾಗಿಹೋಯಿತು. ಕಪ್ಪು ಬಣ್ಣದಲ್ಲಿ ಬೆರಳದ್ದಿ, ಯಾರೂ ಇಲ್ಲದಾಗ, ಕುದುರೆಯ ಎಡಗೆನ್ನೆಗೆ ಒಂದು ದೃಷ್ಟಿಬೊಟ್ಟು ಇಟ್ಟುಬಿಟ್ಟರು. ಬಲಗಡೆಯ ಕುದುರೆಗೆ ಇಡಲಿಲ್ಲ, ಮಗುವಿಗೆ ಎರಡೂ ಕೆನ್ನೆಗೆ ಯಾರಾದರೂ ಇಡುತ್ತಾರೆಯೇ? ಅಧಿಕಾರಿ ಕೇಳಿದಾಗ ಬಣ್ಣ ಸಿಡಿಯಿತು ಎಂದರು. ಒರೆಸು ಎಂದರು ಅಧಿಕಾರಿ. ಆದರೆ ಅಷ್ಟರಲ್ಲಿ ಬೊಟ್ಟಿಟ್ಟು ತಿಂಗಳಾಗಿತ್ತು, ಟೈರು ಸಿಡಿದಿರಲಿಲ್ಲ, ಹಾರಿಸುವ ಪೈಲಟ್ಟೇ ಅಡ್ಡ ಬಂದು, ಅದು ಇದ್ದರೆ ಇರಲಿ ಬಿಡಿ ಎಂದನಂತೆ. ಬೇಸಿನೊಳಗೆ ಫೋಟೋ ತೆಗೆಯುವಂತಿರಲಿಲ್ಲ, ಆದ್ದರಿಂದ ಭಾವನ ಹತ್ತಿರ ಇದಕ್ಕೆ ಅವರ ಬಾಯಿಮಾತು ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ.

ಈ ಕತೆಯನ್ನು ಅವರು ದೊಡ್ಡಪ್ಪನ ಮಗನ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಹೊಸ ಬೀಗರಿಗೆ ಹೇಳುತ್ತಿದ್ದರು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿದಿತ್ತು, ಅಷ್ಟು ಹುಮ್ಮಸ್ಸು. ನಾನು ಪಕ್ಕದಲ್ಲಿ ಸಾರಿನ ಬಕೆಟ್ ಹಿಡಿದು ನಿಂತಿದ್ದೆ. ಆಗ ಮೂವತ್ತರ ಹತ್ತಿರದ ವಯಸ್ಸು, ಹೊಸೂರಿನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗಕ್ಕೆ ಬಡ್ತಿ ಸಿಕ್ಕಿತ್ತು, ತಲೆ ನೆಟ್ಟಗಿರಲಿಲ್ಲ. "ಬಾವ, ಆ ಕುದ್ರೆಗೆ ಹುಳ್ಳಿ ಬೇಯ್ಸಿ ಹಾಕ್ತಿದ್ದಿದ್ದೂ ನೀವೇನಾ?" ಎಂದೆ.

ಇಡೀ ಪಂಕ್ತಿ ನಕ್ಕಿತು. ಬೀಗರು ಕೆಮ್ಮುವಷ್ಟು ನಕ್ಕರು. ದೊಡ್ಡಪ್ಪ ನನ್ನ ಬೆನ್ನು ತಟ್ಟಿದರು. ಭಾವನೂ ನಕ್ಕರು, ತುತ್ತು ಬಾಯಿಗಿಟ್ಟುಕೊಂಡರು. ಆಮೇಲೆ ಅವರು ಎಂದೂ ಕುದುರೆಯ ಕತೆ ಹೇಳಲಿಲ್ಲ. ಆನೆಯ ಕತೆಯನ್ನೂ ಹೇಳಲಿಲ್ಲ. ಬಾಗಲೂರಿಗೆ ಬಂದರೆ ಗೋಡೆಗೆ ಒರಗಿ ಪೇಪರ್ ಓದುತ್ತಿದ್ದರು. ತಲೆ ಮೇಲೆ ವಿಮಾನ ಹೋದರೆ ಮಕ್ಕಳೆಲ್ಲ ಹೊರಗೋಡುತ್ತಿದ್ದರು, ಅವರು ಪುಟ ಮಗುಚುತ್ತಿದ್ದರು. ಅಕ್ಕ ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಒಂದು ನಗುವಿಗಾಗಿ ಒಬ್ಬ ಮನುಷ್ಯನ ಬಾಯಿ ಕಟ್ಟಿದೆನಲ್ಲ ಎಂಬ ಸಂಕಟ ನನ್ನಲ್ಲಿ ಉಳಿದುಹೋಯಿತು. ಕ್ಷಮೆ ಕೇಳೋಣವೆಂದರೆ, ಏನೆಂದು ಕೇಳಲಿ? ನನಗೂ ಆ ಕತೆಯ ಮೇಲೆ ನಂಬಿಕೆಯಿರಲಿಲ್ಲ.

ವಿಮಾನ ಜೋಡಿಸುವ ಹುಚ್ಚು ಹಿಡಿದದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಹೀಗಿರುವಾಗ ಆರು ವರ್ಷದ ಹಿಂದೆ ಒಂದು ಡೀಕಲ್ ಹಾಳೆ ತರಿಸಿದೆ. ನಮ್ಮ ದೇಶದ ಜೆಟ್ ವಿಮಾನಗಳದು, ಅಚ್ಚಾದದ್ದು ಯಾವುದೋ ದೂರದೇಶದಲ್ಲಿ. ಕೊರಿಯರ್‌ನವನು ಗೇಟಿನಲ್ಲಿ "ಸಾರ್, ವೆಳಿನಾಟ್ಟು ಪಾರ್ಸಲ್" ಎಂದು, ಹೊರದೇಶದ್ದೆಂದು ತಮಿಳಿನಲ್ಲಿ ಹೇಳಿ ಕೊಟ್ಟುಹೋದ ತೆಳು ಲಕೋಟೆ. ವಾಚ್ ರಿಪೇರಿಯವರ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನೋಡತೊಡಗಿದೆ. ಒಂದು ಮೂಲೆಯಲ್ಲಿ ಎರಡು ಬಿಳಿ ಕುದುರೆಯ ಮುಖಗಳಿದ್ದವು, ಒಂದೊಂದೂ ತೊಗರಿಕಾಳಿನಷ್ಟು. ಒಂದರ ಕೆನ್ನೆಯ ಮೇಲೆ ಸೂಜಿಮೊನೆ ಚುಚ್ಚಿದಷ್ಟು ಕಪ್ಪು ಚುಕ್ಕೆ.

ನಾನು ಮೊದಲು ಮಾಡಿದ್ದು ಏನು ಗೊತ್ತೇ? ಇಷ್ಟು ವರ್ಷ ಕಾರ್ಖಾನೆಯಲ್ಲಿ ಕಪ್ಪು ಚುಕ್ಕೆ ಕಂಡರೆ ಮಾಲು ವಾಪಸ್ ಕಳಿಸಿದವನು ನಾನು. ಮುದ್ರಣದ ದೋಷ ಎಂದು ತೀರ್ಮಾನಿಸಿ, ಬ್ಲೇಡಿನ ತುದಿಯಿಂದ ಕೆರೆದುಹಾಕಲು ಹೊರಟೆ. ಬ್ಲೇಡು ಇನ್ನೇನು ತಾಗಬೇಕು, ಯಾವುದಕ್ಕೂ ಇರಲಿ ಎಂದು ಜೊತೆಗಿದ್ದ ಸೂಚನೆಯ ಹಾಳೆ ನೋಡಿದೆ. ಎಡಬದಿಯ ಕುದುರೆಯ ಕೆನ್ನೆಯ ಮೇಲೆ ಒಂದು ಕಪ್ಪು ಚುಕ್ಕೆಯಿದೆ, ಒಂದು ವೈಮಾನಿಕ ಪ್ರದರ್ಶನದಲ್ಲಿ ತೆಗೆದ ಫೋಟೋದಲ್ಲಿ ಅದು ಸ್ಪಷ್ಟವಾಗಿದೆ, ಬಲಬದಿಯಲ್ಲಿ ಇಲ್ಲ, ಕಾರಣ ನಮಗೆ ತಿಳಿಯಲಿಲ್ಲ, ಆದರೆ ಇದ್ದದ್ದನ್ನು ಇದ್ದಂತೆ ಅಚ್ಚು ಹಾಕಿದ್ದೇವೆ ಎಂದು ಬರೆದಿದ್ದರು.

ಬ್ಲೇಡನ್ನು ಕೆಳಗಿಟ್ಟೆ. ಇಡೀ ಪಂಕ್ತಿಯ ನಗು ಒಮ್ಮೆಗೇ ಕಿವಿಯಲ್ಲಿ ಕೇಳಿಸಿತು. ನಗುತ್ತಿದ್ದೆನೋ ಅಳುತ್ತಿದ್ದೆನೋ, ಹೆಂಡತಿ ಬಂದು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ನಾನು ಬೈಕ್ ತೆಗೆದು ಡೆಂಕಣಿಕೋಟೆ ದಾರಿ ಹಿಡಿದೆ.

ಭಾವ ಟೊಮೆಟೊ ಗಿಡಗಳಿಗೆ ಕಡ್ಡಿ ನೆಡುತ್ತಿದ್ದರು. ಭೂತಗನ್ನಡಿ ಕೊಟ್ಟು, ಹಾಳೆ ಹಿಡಿದೆ. ಕೈ ಪಂಚೆಗೆ ಒರೆಸಿಕೊಂಡು ನೋಡಿದರು.

"ಯಾರ್‌ಲಾ ಇದ್ನ ಬರ್ದಿದ್ದು?"

"ನೀವೇ ಬಾವ."

ಮತ್ತೆ ನೋಡಿದರು. ಆಮೇಲೆ ಅವರ ಮುಖದಲ್ಲಿ ಸಂತೋಷ ಬರುವ ಮುಂಚೆ ಸಿಟ್ಟು ಬಂತು. "ಮೂಗಿನ್ ಹೊಳ್ಳೆ ಇಷ್ಟ್ ಅಗ್ಲ ಇರ್ಲಿಲ್ಲ ಕಣ್ಲಾ. ಕೆಡ್ಸಾಕ್‌ಬುಟ್ಟವ್ರೆ. ಬೊಟ್ಟು ಮಾತ್ರ ಸರ್ಯಾಗೈತೆ."

ಮನೆಯಲ್ಲಿ ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಅವಳಿಗೂ ತೋರಿಸಿ, ಅವತ್ತು ಪಂಕ್ತಿಯಲ್ಲಿ ಅಂದದ್ದಕ್ಕೆ ತಪ್ಪಾಯಿತು ಎಂದೆ. ಅವಳು ಅವರೆಕಾಳನ್ನು ಮೊರಕ್ಕೆ ಹಾಕಿ, "ನಾಕ್ ಜನದ್ ಮುಂದೆ ಅಂದೋನು ನೀನು. ಇಲ್ ಬಂದು ಕಿವೀಲಿ ಹೇಳಿದ್ರೆ ಆಯ್ತದಾ? ನಾಕ್ ಜನದ್ ಮುಂದೇನೇ ಹೇಳು" ಎಂದಳು. ಅಷ್ಟು ವರ್ಷ ಬಾಯಿ ಬಿಡದವಳ ಮಾತು ಅದು. ಆಗಲಿ ಎಂದೆ.

ಅವಕಾಶ ಬೇಗ ಬಂತು. ದೊಡ್ಡಪ್ಪನ ಮನೆಯಲ್ಲಿ ಮರಿಮಗಳ ನಾಮಕರಣ, ಅಂದು ಪಂಕ್ತಿಯಲ್ಲಿ ನಕ್ಕ ಬೀಗರೂ ಬಂದಿದ್ದರು. ಬೆಳ್ಳಿಬಣ್ಣ ಹೊಡೆದು ಸಿದ್ಧಮಾಡಿದ್ದ ವಿಮಾನವನ್ನು ಮೈಸೂರುಪಾಕಿನ ಡಬ್ಬಿಯಲ್ಲಿಟ್ಟುಕೊಂಡು ಹೋದೆ. ಕುದುರೆಗಳನ್ನು ಮಾತ್ರ ಅಂಟಿಸಿರಲಿಲ್ಲ. ಊಟ ಮುಗಿದು ಎಲ್ಲರೂ ಎಲೆಅಡಿಕೆ ಹಾಕಿಕೊಂಡು ಕೂತಾಗ ನಡುಮನೆಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಮದುವೆಯಲ್ಲಿ ನಾನು ಅಂದದ್ದನ್ನು ಹಾಗೇ ಮತ್ತೊಮ್ಮೆ ಹೇಳಿದೆ. ಕೆಲವರು ಮತ್ತೆ ನಕ್ಕರು. ಆಮೇಲೆ ಸೂಚನೆಯ ಹಾಳೆಯನ್ನು ಕನ್ನಡದಲ್ಲಿ ಓದಿದೆ. ನಗು ನಿಂತಿತು.

ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ದೇವಸ್ಥಾನದಲ್ಲಿ ನಿಂತ ಹಾಗೆ ಸಾಲು ನಿಂತರು. ದೊಡ್ಡಪ್ಪ ನೋಡಿ, "ಅಚ್ಚಲ್ಲಿ ಮಸಿ ಬಿದ್ದಿರ್ಬೈದು" ಎಂದು ಗೊಣಗಿದರು. ಅಷ್ಟರಲ್ಲಿ ದೊಡ್ಡಮ್ಮ, ತೊಡೆಯ ಮೇಲಿದ್ದ ಮಗುವಿನ ಮುಖವನ್ನು ಅವರ ಕಡೆ ತಿರುಗಿಸಿದರು. ಎಡಗೆನ್ನೆಯ ಮೇಲೆ ಕಾಡಿಗೆಯ ಬೊಟ್ಟು. "ಇದೂ ಮಸಿ ಬಿದ್ದಿರಾದಾ? ಆ ದೇಸ್ದೋರ್ಗೆ ಇದೇನೂಂತ್ಲೇ ತಿಳೀಲಿಲ್ವಂತೆ. ಇದು ನಮ್ಮೋರು ಇಟ್ಟಿರೋ ಕೈ ಕಣ್ರೀ, ಸುಮ್ನಿರಿ." ತೆಲುಗು ಮಾತಾಡುವ ಬೀಗರು ಭೂತಗನ್ನಡಿ ಇಳಿಸಿ "ನಿಜಮೇ!" ಎಂದರು.

"ಬಾವ, ಅಂಟ್ಸಾದು ನೀವೇ" ಎಂದೆ.

ಸ್ಟೀಲ್ ತಟ್ಟೆಯಲ್ಲಿ ನೀರು ಬಂತು. ವಿಮಾನದ ಮೂತಿಗೆ ನಾನು ಹುಳಿ ದ್ರಾವಣ ಸವರಿಕೊಟ್ಟೆ. ಭಾವ ಕನ್ನಡಕ ಹಾಕಿಕೊಂಡು ಕೂತರು. ಎಡಬದಿಯ ಕುದುರೆ ಇದ್ದದ್ದು ಒಂದೇ, ಹರಿದರೆ ಇನ್ನೊಂದಿಲ್ಲ. ಕಾಗದ ನೆನೆಯಿತು, ಕುದುರೆ ಸಡಿಲವಾಯಿತು, ಭಾವ ಒದ್ದೆ ಬ್ರಷ್ಷಿನಿಂದ ಅದನ್ನು ಮೂತಿಯ ಮೇಲೆ ಜಾರಿಸುತ್ತಿದ್ದರು. ಆ ಹೊತ್ತಿಗೇ ಹೋಗಿದ್ದ ಕರೆಂಟು ಬರಬೇಕೆ! ಫ್ಯಾನ್ ತಿರುಗಿತು. ಕುದುರೆಯ ಮುಖ ಅರ್ಧಕ್ಕೆ ಮಡಚಿ ತನಗೆ ತಾನೇ ಅಂಟಿಕೊಂಡಿತು. ಯಾರೋ ಅಯ್ಯೋ ಎಂದರು. ಇಂಥದ್ದು ಮಡಚಿದರೆ ನಾನು ಕೈಬಿಟ್ಟುಬಿಡುತ್ತೇನೆ, ಹತ್ತರಲ್ಲಿ ಒಂಬತ್ತು ಸಲ ಹರಿಯುತ್ತದೆ.

"ಫ್ಯಾನ್ ಆರ್ಸಿ. ಯಾರೂ ಮಾತಾಡ್ಬೇಡಿ" ಎಂದರು ಭಾವ. ಆ ಮನೆಯಲ್ಲಿ ಅವರು ಹಾಗೆ ಗತ್ತಿನಿಂದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬ್ರಷ್ಷಿನಿಂದ ಒಂದು ಹನಿ ನೀರು ಬಿಟ್ಟರು. ಕಾದರು. ಇನ್ನೊಂದು ಹನಿ. ಆಮೇಲೆ ಬಗ್ಗಿ, ನೀರಿನ ಅಂಚಿಗೆ ಸಣ್ಣಗೆ ಉಸಿರು ಊದಿದರು. ಮಡಿಕೆ ಮೆಲ್ಲಗೆ ಬಿಚ್ಚಿಕೊಂಡಿತು. ಮೊದಲು ಕಿವಿ, ಆಮೇಲೆ ಕಣ್ಣು, ಆಮೇಲೆ ಕೆನ್ನೆ. ಭಾವ ಬೆರಳ ತುದಿಯಿಂದ ಅದನ್ನು ಎಳೆದು ಕೂರಿಸಿ, ಬಟ್ಟೆಯಿಂದ ನೀರು ಒತ್ತಿ ತೆಗೆದರು. ಕುದುರೆ ಬೆಳ್ಳಿಯ ಮೂತಿಯ ಮೇಲೆ ತಲೆಯೆತ್ತಿ ಕೂತಿತ್ತು.

ದೊಡ್ಡಪ್ಪ ಎದ್ದು ಬಂದರು. ಎಂಬತ್ತು ದಾಟಿದ ಆ ಬಿಗಿ ಮನುಷ್ಯ ಭಾವನ ಪಕ್ಕ ನೆಲದ ಮೇಲೆ ಕೂತು, "ಅಳಿಯಂದ್ರೆ, ಮೊದ್ಲಿಂದ ಹೇಳಿ. ಟೈರು ಸಿಡೀತಲ್ಲ, ಅಲ್ಲಿಂದ" ಎಂದರು. ಭಾವ ಹೇಳಿದರು. ಒಂದು ಗಂಟೆ ಹೇಳಿದರು. ಬಾಗಿಲ ಹತ್ತಿರ ನಿಂತಿದ್ದ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಮಾಡಲು ಒಳಗೆ ಹೋದಳು. ಗೆದ್ದವಳ ನಡಿಗೆ ಅದು.

ಅಂದಿನಿಂದ ಭಾವನ ಬಾಯಿಗೆ ಬೀಗವಿಲ್ಲ. ಆನೆ ಮತ್ತೆ ನಾಚಿಕೊಳ್ಳತೊಡಗಿದೆ. ಕುದುರೆಯ ಕತೆಯೂ ಹೇಳಿದ ಹಾಗೆಲ್ಲ ಬೆಳೆಯುತ್ತಿದೆ. ಎರಡು ಸಲ ಸಿಡಿದ ಟೈರು ಈಗ ಏಳು ಸಲ ಸಿಡಿಯುತ್ತದೆ. ಒರೆಸು ಎಂದ ಅಧಿಕಾರಿ ಈಗ ಭಾವನ ಕೈ ಕುಲುಕುತ್ತಾರೆ.

ನಿನ್ನೆ ಆ ಹುಳಿ ದ್ರಾವಣವನ್ನು ರೆಕ್ಕೆಗೆ ಸವರಿ, ಡೀಕಲ್ ಅಂಟಿಸಿ ಒಣಗಲು ಬಿಟ್ಟಿದ್ದೆ, ಫೋನ್ ಬಂತು. ಭಾವ. ಹಿಂದುಗಡೆ ನಾಲ್ಕಾರು ಜನರ ಗದ್ದಲ. ಯಾರೋ ಹೊಸ ನೆಂಟರು ಬಂದಿದ್ದಾರಂತೆ, ನಂಬುತ್ತಿಲ್ಲವಂತೆ.

"ಸ್ಪೀಕರ್ ಹಾಕಿವ್ನಿ, ನೀನೇ ಹೇಳ್ಲಾ. ಆ ದೊಡ್ ಆಫೀಸರ್ರು ದಿನಾ ಬೆಳಿಗ್ಗೆ ನನ್ ಕುದ್ರೆ ಮುಂದೆ ನಿಂತು ಸೆಲ್ಯೂಟ್ ಹೊಡೀತಿದ್ರೋ ಇಲ್ವೋ?"

ಸೆಲ್ಯೂಟಿನ ಸುದ್ದಿ ನಾನು ಕೇಳಿದ್ದು ಅದೇ ಮೊದಲು. ಆ ಕಡೆಯ ಗದ್ದಲ ನಿಂತಿತ್ತು, ಎಲ್ಲರೂ ಕಾಯುತ್ತಿದ್ದರು.

"ಹೊಡೀತಿದ್ರು ಬಾವ," ಎಂದೆ. "ಮಳೆ ಬಂದ್ರೂ ಬಿಡ್ತಿರ್ಲಿಲ್ಲ."