ಹುಣಸೆಹಣ್ಣು ಬಿಟ್ಟುಹೋದ ಉತ್ತರ

"ನಿನ್ನ ಕರಕ್ಲಿ ತಿಂದು ನಮ್ಮ ಬೀಗರಿಗೆ ಗಂಟಲು ತುರಿಸ್ತಿದೆ ಕಣೇ. ಏನು ಮುಚ್ಚಿಟ್ಟು ಬರ್ದಿದ್ದೀಯ?"

ಹೊಸನಗರದಿಂದ ಗೆಳತಿ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಸಾಗರದ ಮನೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಅವಳು ದಾವಣಗೆರೆ ಕಡೆಯವಳು. ಕಾಲೇಜಿನಲ್ಲಿ ನನ್ನ ಜೊತೆ ಓದಿ, ಮೇಷ್ಟ್ರ ಕೆಲಸ ಸಿಕ್ಕಿ ಹೊಸನಗರದಲ್ಲೇ ನೆಲೆ ನಿಂತವಳು. ಮಗಳನ್ನು ತೀರ್ಥಹಳ್ಳಿಗೆ ಕೊಟ್ಟಿದ್ದಾಳೆ. ಬೀಗರು ಮೊದಲ ಸಲ ಊಟಕ್ಕೆ ಬಂದಿದ್ದರು. ತನಗೂ ಮಲೆನಾಡಿನ ಅಡುಗೆ ಬರುತ್ತದೆಂದು ತೋರಿಸಲು ಕೆಸುವಿನ ಸೊಪ್ಪಿನ ಕರಕ್ಲಿ ಮಾಡಿದ್ದಳು.

ಹುಳಿ ಸಾಲದಿದ್ದರೆ ಕೆಸು ಗಂಟಲು ಹಿಡಿಯುತ್ತದೆ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಆದರೂ ನಾನು ಬರೆದಿದ್ದೆ. ನಿವೃತ್ತಿಯಾದ ಮೇಲೆ ಅತ್ತೆಯ ಅಡುಗೆಗಳನ್ನೆಲ್ಲ ಒಂದು ವೆಬ್‌ಸೈಟಿನಲ್ಲಿ ಬರೆಯುತ್ತಾ ಬಂದವಳು ನಾನು. ಕರಕ್ಲಿಯ ಪುಟದಲ್ಲಿ ಹುಣಸೆಹಣ್ಣಿಗೆಂದೇ ಬೇರೆ ಪ್ಯಾರಾ ಇದೆ.

"ಹುಣಸೆಹಣ್ಣು ಹಾಕಿದ್ಯಾ?"

"ಅದ್ರಲ್ಲಿ ಹುಣಸೆಹಣ್ಣು ಎಲ್ಲಿತ್ತು?"

"ನೀನು ಸರಿಯಾಗಿ ಓದಿಲ್ಲ ಬಿಡು."

"ಓದ್ಕೊಂಡೇ ಮಾಡಿದ್ದು. ನಿಮ್ಮ ಕಡೆಯವ್ರು ಒಂದು ಸಾಮಾನು ಬಿಟ್ಟೇ ಅಡುಗೆ ಹೇಳಿಕೊಡ್ತಾರೆ ಅಂತ ಯಾರೋ ಹೇಳಿದ್ರು. ನಾನು ನಂಬಿರ್ಲಿಲ್ಲ," ಎಂದು ಫೋನ್ ಇಟ್ಟಳು.

ಆ ಮಾತು ನನ್ನನ್ನು ಚುಚ್ಚಿತು. ಅವಳು ಓದದೆ ಸುಳ್ಳು ಹೇಳುತ್ತಿದ್ದಾಳೆ ಎಂದೇ ನನ್ನ ಗುಮಾನಿ. ಮರುದಿನ ಬಸ್ ಹತ್ತಿ ಹೊಸನಗರಕ್ಕೆ ಹೋದೆ. ಬಾಗಿಲಲ್ಲೇ ನನ್ನ ಪುಟ ತೆರೆದು ಅವಳ ಮುಂದೆ ಹಿಡಿದೆ. ಅವಳು ಓದಿ ಹುಬ್ಬು ಗಂಟಿಕ್ಕಿದಳು.

"ರಾತ್ರಿಯೇ ತಿದ್ದಿದ್ಯಾ?"

"ಅಯ್ಯೋ, ಇಲ್ಲ ಮಾರಾಯ್ತಿ! ನೀನು ನೋಡಿದ್ದು ಯಾವುದು, ತೋರ್ಸು."

ಅವಳು ತನ್ನ ಫೋನಿನಲ್ಲಿ ಸರ್ಚ್ ಮಾಡಿದಳು. ನನ್ನ ಪುಟ ಬರುವ ಮೊದಲೇ, ಮೇಲುಗಡೆ, ಒಂದು ಚೌಕದೊಳಗೆ ಸರ್ಚಿನ ಎಐ ತಾನೇ ಬರೆದ ಉತ್ತರ ತಯಾರಾಗಿತ್ತು. ತೊಳೆಯುವುದು, ಹೆಚ್ಚುವುದು, ಬೇಯಿಸುವುದು, ಬೆಳ್ಳುಳ್ಳಿ ಒಗ್ಗರಣೆ, ಎಲ್ಲ ಚೊಕ್ಕವಾಗಿ. "ಸೊಪ್ಪು ಕರಗಿ ತನ್ನ ಹೆಸರು ಮರೆಯುವಷ್ಟು ಬೇಯಬೇಕು" ಎಂಬ ನನ್ನ ಅತ್ತೆಯ ಮಾತು ಕೂಡ ಅಕ್ಷರಕ್ಕಕ್ಷರ ಅಲ್ಲಿತ್ತು. ಹುಣಸೆಹಣ್ಣು ಮಾತ್ರ ಇರಲಿಲ್ಲ. ನನ್ನ ವೆಬ್‌ಸೈಟಿನ ಹೆಸರು ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ.

"ನಿನ್ನ ಹೆಸರಿತ್ತಲ್ಲ, ನೀನೇ ಬರ್ದಿದ್ದು ಅಂದ್ಕೊಂಡೆ," ಎಂದಳು ಗೆಳತಿ. "ಉತ್ತರ ಮೇಲೇ ಸಿಕ್ಕಿದ್ಮೇಲೆ ಕೆಳಗೆ ಯಾಕೆ ಹೋಗ್ಲಿ?"

ಒಂದು ವರ್ಷದಿಂದ ನನ್ನ ಪುಟಗಳಿಗೆ ಓದುಗರು ಬರುವುದು ಯಾಕೆ ಕಡಿಮೆಯಾಗಿತ್ತೆಂದು ಆಗ ಹೊಳೆಯಿತು. "ಮಾಡಿದೆ, ಚೆನ್ನಾಗಿತ್ತು" ಎಂದು ಬರೆಯುತ್ತಿದ್ದವರೂ ಬರೆಯುವುದು ನಿಲ್ಲಿಸಿದ್ದರು. ಜನರಿಗೆ ಬೇಸರ ಬಂತೇನೋ ಎಂದುಕೊಂಡಿದ್ದೆ. ನಮ್ಮ ಮನೆಗೆ ದಾರಿ ತೋರಿಸುತ್ತಿದ್ದ ಸರ್ಚಿನವರು ಈಗ ದಾರಿಯಲ್ಲೇ ಎಲೆ ಹಾಕಿ, ನಮ್ಮ ಅಡುಗೆಯನ್ನೇ ಬಡಿಸುತ್ತಿದ್ದರು. ಉಂಡವರ ಗಂಟಲು ತುರಿಸಿದರೆ ಬೈಗುಳ ಮಾತ್ರ ನಮ್ಮ ವಿಳಾಸಕ್ಕೆ.

ಮನೆಗೆ ಬಂದು ವೆಬ್‌ಸೈಟನ್ನೇ ಮುಚ್ಚಿಬಿಡುತ್ತೇನೆ ಎಂದೆ. "ಮುಚ್ಚಿದ್ರೆ ತಪ್ಪು ಉತ್ತರ ಒಂದೇ ಉಳೀತದಲ್ಲ," ಎಂದರು ನನ್ನ ಗಂಡ. ಅದೂ ನಿಜವೇ. ಪುಟದ ಮೊದಲ ಸಾಲಿಗೇ ಹುಣಸೆಹಣ್ಣನ್ನು ತಂದೆ, ಆಮೇಲೂ ಎರಡು ಕಡೆ ತುರುಕಿದೆ. ಕೆಲವು ವಾರಗಳ ಮೇಲೆ ಆ ಚೌಕದೊಳಗೆ ಹುಣಸೆಹಣ್ಣು ಬಂತು. ಖುಷಿಯಾಗಬೇಕಿತ್ತು. ಆದರೆ ಜೊತೆಗೆ ಒಂದು ಚಮಚ ಸಕ್ಕರೆಯೂ ಬಂದಿತ್ತು. ಅದನ್ನು ನಾನು ಬರೆದಿರಲಿಲ್ಲ. ಯಾರು ಬರೆದರು, ಯಾರನ್ನು ಕೇಳುವುದು? ಅವರು ನನ್ನ ಬರಹ ಓದುತ್ತಿದ್ದಾರೋ, ನಾನೇ ಅವರಿಗೆ ಸಂಬಳವಿಲ್ಲದೆ ದುಡಿಯುತ್ತಿದ್ದೇನೋ ತಿಳಿಯಲಿಲ್ಲ. ಈಗ ಔಷಧಿಯ ಬಗ್ಗೆ, ಬಸ್ಸಿನ ಬಗ್ಗೆ ಏನು ಹುಡುಕಿದರೂ ಮೇಲಿನ ಉತ್ತರ ದಾಟಿ ಕೆಳಗಿಳಿದು ನೋಡುತ್ತೇನೆ.

ಬೀಗರನ್ನು ಗೆಳತಿ ಮತ್ತೆ ಊಟಕ್ಕೆ ಕರೆದಳು. ಅಡುಗೆಗೆ ನನ್ನನ್ನೂ ಕರೆದಳು. ಹೋದೆ. ನಾನು ಹುಣಸೆರಸ ಹಿಂಡುವಾಗ ಅವಳು ಪಕ್ಕದಲ್ಲೇ ನಿಂತಿದ್ದಳು, ಕಣ್ಣು ನನ್ನ ಕೈ ಮೇಲೆ.

"ಇಷ್ಟೇನಾ? ಬೇರೇನೂ ಇಲ್ವಾ?"

"ಇಷ್ಟೇ."

"ನಿಜವಾಗ್ಲೂ?"

ತೀರ್ಥಹಳ್ಳಿಯವರು ಕೈ ತೊಳೆದು ಬಂದು ಕೂತರು. ಯಾರೂ ಎಲೆಗೆ ಕೈ ಹಾಕಲಿಲ್ಲ. ನಾನೇ ಮೊದಲು ಒಂದು ತುತ್ತು ಕರಕ್ಲಿ ಕಲಸಿ, ಅವರೆಲ್ಲ ನೋಡುತ್ತಿದ್ದಂತೆ ಬಾಯಿಗಿಟ್ಟೆ.